ಬಲಿಯ ಬಾಗಿಲಲ್ಲಿ ನಿಂತ ದೇವರು

ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ನರಕ ಚತುರ್ದಶಿಯ ಎಣ್ಣೆಸ್ನಾನವೂ ಅಮಾವಾಸ್ಯೆಯ ಲಕ್ಷ್ಮೀಪೂಜೆಯೂ ಮುಗಿದು, ಬಲಿಪಾಡ್ಯಮಿಯ ತಯಾರಿ ನಡೆದಿರುತ್ತದೆ. ಮಲೆನಾಡಿನಲ್ಲಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹೋಗಿ ಬಲೀಂದ್ರನನ್ನು ಹಾಡುತ್ತಾರೆ. ತುಳುನಾಡಿನ ರೈತರು ಗದ್ದೆಯಲ್ಲಿ ದೀಪವಿಟ್ಟು, ‘ಕೂ’ ಎಂದು ದನಿಯೆತ್ತಿ ಬಲಿಯೇಂದ್ರನನ್ನು ಕರೆಯುತ್ತಾರೆ. ಇನ್ನೆಷ್ಟೋ ಮನೆಗಳಲ್ಲಿ ಸಗಣಿಯ ಕೋಟೆ ಕಟ್ಟಿ, ಹೂವೇರಿಸಿ, ಬಲಿ ಚಕ್ರವರ್ತಿಗೆ ಪೂಜೆ ಸಲ್ಲಿಸುತ್ತಾರೆ. ನರಕಾಸುರ ಸತ್ತನೆಂದು ಹಬ್ಬ ಮಾಡಿದ ಅದೇ ಜನ, ನಡುವೆ ಒಂದು ದಿನ ಕಳೆಯುವಷ್ಟರಲ್ಲಿ ಇನ್ನೊಬ್ಬ ಅಸುರನನ್ನು ಅಕ್ಕರೆಯಿಂದ ಬರಮಾಡಿಕೊಳ್ಳುತ್ತಾರೆ. ವಿಷ್ಣುವಿನ ಅವತಾರದ ಎದುರು ಎಲ್ಲವನ್ನೂ ಕಳೆದುಕೊಂಡವನಿಗೆ ಈ ಆದರವೇಕೆ? ಅವತಾರದ ಅರ್ಥವನ್ನು ಹುಡುಕುವವರು ಈ ಪ್ರಶ್ನೆಯಿಂದ ಹೊರಡುವುದೇ ಒಳ್ಳೆಯದು.

ಅವತಾರವೆಂದೊಡನೆ ನಮಗೆ ನೆನಪಾಗುವುದು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯ. ಧರ್ಮ ಕುಂದಿದಾಗ ತಾನು ಹುಟ್ಟಿಬರುತ್ತೇನೆ, ಸಜ್ಜನರನ್ನು ಕಾಯುತ್ತೇನೆ, ದುಷ್ಟರನ್ನು ಅಳಿಸುತ್ತೇನೆ ಎಂದು ಕೃಷ್ಣ ಅಲ್ಲಿ ಹೇಳುತ್ತಾನೆ. ನರಸಿಂಹನ ಕಥೆ ಈ ಮಾತಿಗೆ ಸಲೀಸಾಗಿ ಒಪ್ಪುತ್ತದೆ, ರಾಮನ ಕಥೆಯೂ ಒಪ್ಪುತ್ತದೆ. ವಾಮನನ ಕಥೆ ಮಾತ್ರ ಒಗ್ಗುವುದಿಲ್ಲ. ಬಲಿ ಪ್ರಹ್ಲಾದನ ಮೊಮ್ಮಗ, ಕೊಡುಗೈ ದೊರೆ, ಕೊಟ್ಟ ಮಾತಿಗೆ ತಪ್ಪದವನು. ಇಂದ್ರನ ಸಿಂಹಾಸನವನ್ನು ಗೆದ್ದುಕೊಂಡ ಎಂಬುದಷ್ಟೇ ಅವನ ಮೇಲಿನ ದೂರು. ಇಂಥವನ ಬಳಿಗೆ ಬಂದ ವಿಷ್ಣು ಚಕ್ರ ಬೀಸಲಿಲ್ಲ, ಉಗುರು ಚಾಚಲಿಲ್ಲ. ಕೈಚಾಚಿ ಬೇಡಿದ.

ಆ ಬೇಡಿಕೆಗೂ ಮೊದಲು ಭಾಗವತದ ಎಂಟನೆಯ ಸ್ಕಂಧ ವಾಮನನ ಉಪನಯನವನ್ನು ಬಿಡಿಬಿಡಿಯಾಗಿ ವರ್ಣಿಸುತ್ತದೆ. ಸ್ವರ್ಗ ಕಳೆದುಕೊಂಡ ಮಕ್ಕಳಿಗಾಗಿ ಕೊರಗಿದ ಅದಿತಿ 12 ದಿನಗಳ ಪಯೋವ್ರತ ಹಿಡಿದು ಪಡೆದ ಮಗು ಅದು. ಸೂರ್ಯ ಸಾವಿತ್ರಿ ಮಂತ್ರ ಉಪದೇಶಿಸುತ್ತಾನೆ. ಬೃಹಸ್ಪತಿ ಜನಿವಾರ ಕೊಡುತ್ತಾನೆ. ತಾಯಿ ಕೌಪೀನ ಉಡಿಸುತ್ತಾಳೆ. ಭೂಮಿ ಕೃಷ್ಣಾಜಿನವನ್ನೂ ಚಂದ್ರ ದಂಡವನ್ನೂ ಆಕಾಶ ಕೊಡೆಯನ್ನೂ ಬ್ರಹ್ಮ ಕಮಂಡಲವನ್ನೂ ಸರಸ್ವತಿ ಜಪಮಾಲೆಯನ್ನೂ ಕೊಡುತ್ತಾರೆ. ಕುಬೇರ ತಂದದ್ದು ಭಿಕ್ಷಾಪಾತ್ರೆ. ಅದಕ್ಕೆ ಮೊದಲ ಭಿಕ್ಷೆ ಹಾಕಿದವಳು ಉಮೆ. ಲೋಕವೆಲ್ಲ ಯಾರದೋ ಅವನ ಮೈಮೇಲೆ ಈಗ ತನ್ನದೆನ್ನುವ ವಸ್ತು ಒಂದೂ ಇಲ್ಲ, ಎಲ್ಲವೂ ಇನ್ನೊಬ್ಬರು ಕೊಟ್ಟದ್ದು. ಅವತಾರದ ಮೊದಲ ಅರ್ಥ ನನಗೆ ಕಾಣುವುದು ಇಲ್ಲಿ. ಪೂರ್ಣನಾದವನು ಕೊರತೆಯನ್ನು ಒಪ್ಪಿಕೊಂಡು, ಪಡೆಯುವವನ ಜಾಗದಲ್ಲಿ ನಿಲ್ಲುತ್ತಾನೆ.

ನರ್ಮದೆಯ ಉತ್ತರದ ದಡದಲ್ಲಿ, ಭೃಗುಕಚ್ಛದಲ್ಲಿ ಬಲಿಯ ಅಶ್ವಮೇಧ ನಡೆದಿದೆ. ವಟುವಿನ ಕಾಲು ತೊಳೆದ ದೊರೆ, ಬೇಕಾದ್ದನ್ನು ಕೇಳು ಎನ್ನುತ್ತಾನೆ. ಬಂದ ಬೇಡಿಕೆ ಮೂರು ಹೆಜ್ಜೆ ನೆಲ. ಒಂದು ದ್ವೀಪವನ್ನೇ ಕೊಡಬಲ್ಲವನ ಬಳಿ ಇಷ್ಟೇ ಕೇಳುವುದೇ ಎಂದು ಬಲಿ ಮರುಗಿದರೆ, ಮೂರು ಹೆಜ್ಜೆಯಲ್ಲಿ ತೃಪ್ತಿ ಸಿಗದವನಿಗೆ ದ್ವೀಪದಲ್ಲೂ ಸಿಗದು ಎಂದು ಹುಡುಗ ಉತ್ತರಿಸುತ್ತಾನೆ. ಬಂದವನಾರೆಂದು ಗುರು ಶುಕ್ರಾಚಾರ್ಯ ಎಚ್ಚರಿಸಿದ ಮೇಲೂ, ಮಾತು ಕೇಳದ ಶಿಷ್ಯನನ್ನು ಶಪಿಸಿದ ಮೇಲೂ ಬಲಿ ಧಾರೆ ಎರೆದೇ ಎರೆಯುತ್ತಾನೆ. ಬಂದವನು ವೈರಿಯೆಂದು ತಿಳಿದೂ ಕೊಟ್ಟ ದಾನ ಅದು.

ಋಗ್ವೇದದಲ್ಲೇ ವಿಷ್ಣು ಮೂರು ಹೆಜ್ಜೆ ಇಟ್ಟವನು. ಶತಪಥ ಬ್ರಾಹ್ಮಣದಲ್ಲಿ ಆತ ಕುಳ್ಳನಾಗಿ ಯಜ್ಞಭೂಮಿಯಲ್ಲಿ ಮಲಗುತ್ತಾನೆ. ಆ ಹಳೆಯ ಹೆಜ್ಜೆಗಳು ಕನ್ನಡ ನೆಲದ ಕಲ್ಲಿನಲ್ಲೂ ಮೂಡಿವೆ. ಬಾದಾಮಿಯ ಎರಡನೆಯ ಗುಹೆಯಲ್ಲೂ, ಚಾಲುಕ್ಯ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದ ಮೂರನೆಯ ಗುಹೆಯಲ್ಲೂ ತ್ರಿವಿಕ್ರಮ ಕಾಲೆತ್ತಿ ನಿಂತಿದ್ದಾನೆ. ಎರಡನೆಯ ಗುಹೆಯ ಶಿಲ್ಪಿ ಕೊಡೆ ಹಿಡಿದ ಪುಟ್ಟ ವಾಮನನನ್ನು ತ್ರಿವಿಕ್ರಮನ ಜೊತೆಯಲ್ಲೇ ಕಡೆದಿದ್ದಾನೆ. ದೊಡ್ಡದು ಬಂದ ಮೇಲೂ ಸಣ್ಣದು ಅಳಿಯದೆ ಉಳಿದಿದೆ. ಮೂಲರೂಪಕ್ಕೂ ಅವತಾರರೂಪಕ್ಕೂ ಭೇದವಿಲ್ಲವೆಂದು ಮಧ್ವಾಚಾರ್ಯರು ಒತ್ತಿ ಹೇಳಿದ್ದನ್ನು ಆ ಶಿಲ್ಪದ ಮುಂದೆ ನಿಂತು ನೆನೆಯಬೇಕು.

ಎರಡು ಹೆಜ್ಜೆಗಳಲ್ಲಿ ಭೂಮಿ, ಸ್ವರ್ಗ ಮುಗಿದವು. ಮೂರನೆಯದಕ್ಕೆ ಬಲಿ ತಲೆಯೊಡ್ಡಿದ. ಅಹಂಕಾರವನ್ನು ಮೆಟ್ಟಿದ ಕಥೆಯಿದು ಎಂದು ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ವರುಣಪಾಶದಲ್ಲಿ ಕಟ್ಟುಬಿದ್ದ ಬಲಿಯ ಸುತ್ತ ನಿಂತು ಮಾತಾಡಿದವರನ್ನು ಕೇಳಿದರೆ ಕಥೆ ಇನ್ನೂ ಆಳಕ್ಕೆ ಇಳಿಯುತ್ತದೆ. ಅಜ್ಜ ಪ್ರಹ್ಲಾದ ಬಂದು, ಇಂದ್ರಪದವಿ ಕೊಟ್ಟವನೂ ನೀನೇ, ಕಿತ್ತುಕೊಂಡವನೂ ನೀನೇ, ಎರಡೂ ಚೆಂದವೇ ಎನ್ನುತ್ತಾನೆ. ರಾಣಿ ವಿಂಧ್ಯಾವಳಿಯ ಮಾತು ಗಂಡನ ದಾನವನ್ನೂ ಮೀರುತ್ತದೆ. ಈ ಲೋಕ ನೀನು ಆಟಕ್ಕೆಂದು ಮಾಡಿದ್ದು, ಅದರಲ್ಲಿ ನಾವು ಒಡೆಯರೆಂದುಕೊಂಡದ್ದೇ ತಪ್ಪು, ನಿನಗೆ ಕೊಡಲು ನಮ್ಮದೇನಿತ್ತು ಎಂಬುದು ಅವಳ ಮಾತಿನ ತಿರುಳು. ಬಲಿ ತನ್ನದನ್ನೆಲ್ಲ ಕೊಟ್ಟ. ಅವಳು ‘ತನ್ನದು’ ಎಂಬುದನ್ನೇ ಬಿಟ್ಟುಕೊಟ್ಟಳು. ಕೊನೆಗೆ ಬ್ರಹ್ಮನೇ ಮುಂದೆ ಬಂದು, ನೀರು ಗರಿಕೆ ಅರ್ಪಿಸಿದವನಿಗೂ ಸದ್ಗತಿ ಉಂಟಾಗುವಾಗ ಮೂರು ಲೋಕ ಕೊಟ್ಟವನಿಗೆ ಈ ಸೆರೆಯೇ ಎಂದು ಬಲಿಯ ಪರವಾಗಿ ವಾದಿಸುತ್ತಾನೆ. ಪುರಾಣ ಸೋತವನ ಪಕ್ಷದ ಮಾತನ್ನು ಮುಚ್ಚಿಡದೆ, ದೇವರ ಎದುರೇ ಆಡಿಸಿದೆ.

ಆಮೇಲಿನದು ನನಗೆ ಈ ಕಥೆಯ ಶಿಖರ. ಬಲಿಗೆ ಸುತಳ ಲೋಕ ಸಿಗುತ್ತದೆ, ಮುಂದಿನ ಸಾವರ್ಣಿ ಮನ್ವಂತರದಲ್ಲಿ ಇಂದ್ರನಾಗುವ ವರವೂ ಸಿಗುತ್ತದೆ. ಭಗವಂತ ಗದೆ ಹಿಡಿದು ಅವನ ಬಾಗಿಲು ಕಾಯುತ್ತಾನೆ. ರಾಮ ಸರಯೂವಿಗಿಳಿದ, ಕೃಷ್ಣ ಪ್ರಭಾಸದಲ್ಲಿ ದೇಹ ಬಿಟ್ಟ. ಸುತಳದ ಕಾವಲು ಮಾತ್ರ ಮುಗಿದಿಲ್ಲ. ಮೂರು ಲೋಕ ಅಳೆದ ಕಾಲುಗಳು ಒಬ್ಬ ಭಕ್ತನ ಹೊಸ್ತಿಲ ಬಳಿ ನಿಂತಿವೆ. ಕಟ್ಟಿದವನೇ ಕಟ್ಟುಬಿದ್ದಿದ್ದಾನೆ. ಗೀತೆಯ ಆ ಶ್ಲೋಕಕ್ಕೆ ಭಾಷ್ಯ ಬರೆದ ರಾಮಾನುಜರು, ತನ್ನನ್ನು ಕಾಣದೆ ಬಾಳಲಾರದ ಭಕ್ತರಿಗೆ ತನ್ನ ರೂಪವನ್ನೂ ಮಾತನ್ನೂ ಕೊಡುವುದೇ ಅವರನ್ನು ಕಾಯುವ ಬಗೆ ಎಂದರು. ಶ್ರೀವೈಷ್ಣವರು ಇದನ್ನೇ ಸೌಲಭ್ಯವೆಂದು ಕರೆದು ದೇವರ ಗುಣಗಳಲ್ಲಿ ಎಣಿಸಿದರು. ಬಲಿಯ ಬಾಗಿಲಲ್ಲಿ ಆ ಸೌಲಭ್ಯ ಸೇವೆಯೇ ಆಗಿಬಿಟ್ಟಿದೆ.

ಈ ಕಥೆಗೆ ಎದುರು ಓದೂ ಇದೆ, ಅದನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. 1873ರಲ್ಲಿ ಬಂದ ‘ಗುಲಾಮಗಿರಿ’ಯಲ್ಲಿ ಜ್ಯೋತಿಬಾ ಫುಲೆಯವರು ಬಲಿಯನ್ನು ಉಳುವವರ ದೊರೆಯೆಂದೂ, ವಾಮನನನ್ನು ಅವನ ನೆಲ ಕಸಿದ ಬ್ರಾಹ್ಮಣನೆಂದೂ ಓದಿದರು. ಬಲಿಯ ರಾಜ್ಯ ಮತ್ತೆ ಬರಲೆಂದು ಹಾರೈಸುವ ಮಾತು ಮರಾಠಿ ಜನರ ಬಾಯಲ್ಲಿ ಇಂದಿಗೂ ಇದೆ. ಕೇರಳ ಓಣಂನಲ್ಲಿ ಅವನ ದಾರಿ ಕಾಯುತ್ತದೆ, ತೃಕ್ಕಾಕರದಲ್ಲಿ ವಾಮನನನ್ನೂ ಪೂಜಿಸುತ್ತದೆ. ನೆಲ ಕಳೆದುಕೊಂಡವರ ನೋವು ಈ ಕಥೆಯೊಳಗೆ ನಿಜವಾಗಿಯೂ ಇದೆ, ಅದನ್ನು ಭಕ್ತಿಯ ಮಾತಿನಿಂದ ಒರೆಸಬಾರದು. ದೇವರು ಕಿತ್ತುಕೊಂಡನೆಂಬ ಕಥೆಯನ್ನು ನೆಪ ಮಾಡಿಕೊಂಡು ಮನುಷ್ಯ ಮನುಷ್ಯನಿಂದ ಕಿತ್ತುಕೊಳ್ಳುವುದಕ್ಕೆ ಇಲ್ಲಿ ಎಡೆಯಿಲ್ಲ. ಪಡೆದವನು ಕೊಟ್ಟವನ ಆಳಾಗಿ ನಿಂತ ಮೇಲೇ ಈ ಅವತಾರ ಪೂರ್ತಿಯಾಗುವುದು.

ಇಂದು ಅವತಾರಪುರುಷ ಎಂಬ ಬಿರುದು ಅಗ್ಗವಾಗಿದೆ. ಮಠಾಧಿಪತಿಗೂ ನಾಯಕನಿಗೂ ನಟನಿಗೂ ಅದನ್ನು ಹಚ್ಚುತ್ತೇವೆ. ಗೆಲುವಿನ ಎತ್ತರವನ್ನು ನೋಡಿ ಮರುಳಾಗುತ್ತೇವೆ. ಬಲಿಯನ್ನು ಕೂಗಿ ಕರೆಯುವ ರೈತ ನಮಗಿಂತ ಒಳ್ಳೆಯ ಅಳತೆಗೋಲನ್ನು ಕಾಪಾಡಿಕೊಂಡು ಬಂದಿದ್ದಾನೆ. ದೈವತ್ವವನ್ನು ಯಾರಲ್ಲಿ ಕಂಡೆವೆಂದರೂ ಎರಡು ಪ್ರಶ್ನೆ ಕೇಳೋಣ: ಅವರು ಸಣ್ಣವರಾಗಿ ಬಂದರೇ? ಗೆದ್ದ ಮೇಲೆ ಸೋತವರ ಬಾಗಿಲು ಕಾದರೇ? ಎರಡಕ್ಕೂ ಹೌದೆನ್ನುವ ಉತ್ತರ ಸಿಕ್ಕಲ್ಲಿ ತಲೆಬಾಗೋಣ. ಸಿಗದ ಕಡೆ ನಮ್ಮ ತಲೆ ನೆಟ್ಟಗೇ ಇರಲಿ, ಏಕೆಂದರೆ ಬಲಿ ತಲೆಯೊಡ್ಡಿದ್ದು ಯಾರದೋ ಕಾಲಿಗಲ್ಲ.