ಚಳಿಗಾಲವೂ ಮನೆಯ ಕಿರುನಾಯಿಯೂ

ಮಾರ್ಗಶಿರವು ಮುಗಿದು ಪುಷ್ಯಮಾಸವು ಕಾಲಿಡುವ ದಿನಗಳಲ್ಲಿ ನಮ್ಮ ಹಾವೇರಿ ಸೀಮೆಯ ಪ್ರಾತಃಕಾಲಕ್ಕೆ ಬೇರೆಯೇ ಒಂದು ಗುಣವುಂಟು. ಮೂಡಣ ಗಾಳಿಯು ಬಯಲನ್ನು ತೂರಿಕೊಂಡು ಬರುತ್ತದೆ. ಬೆಳಗಿನ ಜಾವದಲ್ಲಿ ಉಷ್ಣಮಾನವು ಹದಿನೈದು ಡಿಗ್ರಿ ಸೆಂಟಿಗ್ರೇಡಿನ ಸುತ್ತಮುತ್ತ ಇಳಿಯುತ್ತದೆ. ರಾಣೇಬೆನ್ನೂರಿನ ಪೇಟೆಯಲ್ಲಿ ಗೋವಿನಜೋಳದ ಚೀಲಗಳು ಒಟ್ಟಿರುತ್ತವೆ. ಬ್ಯಾಡಗಿಯಲ್ಲಿ ಕೆಂಪು ಮೆಣಸಿನಕಾಯಿಯ ರಾಶಿಗಳು ಏಳತೊಡಗುತ್ತವೆ. ಇದೇ ಕಾಲದಲ್ಲಿ ಪರಿಚಿತ ಗೃಹಸ್ಥರು ದಾರಿಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ: "ಮಾಸ್ತರರೇ, ನಮ್ಮ ಸಣ್ಣ ನಾಯಿ ನಿನ್ನೆಯವರೆಗೆ ನೆಟ್ಟಗಿತ್ತು. ಇಂದು ಏಕೋ ವಿಚಿತ್ರವಾಗಿ ಆಡುತ್ತಿದೆ. ಚಳಿಗೇ ಇರಬಹುದಲ್ಲವೆ?"

ಇರಬಹುದು, ಇಲ್ಲದೆಯೂ ಇರಬಹುದು. ಮೂಕಪ್ರಾಣಿಗೆ ನಡೆವಳಿಕೆಯೇ ಭಾಷೆ. ಹೊಟ್ಟೆ ನೋಯುತ್ತಿದೆಯೆಂದು ಮಗುವು ಬಾಯಿಬಿಟ್ಟು ಹೇಳುತ್ತದೆ. ನಾಯಿಯು ಮಂಚದ ಕೆಳಗೆ ಹೋಗಿ ಕುಳಿತುಕೊಳ್ಳುತ್ತದೆ. ಅದು ಹೇಳಿದ್ದು ಅಷ್ಟೇ. ಅರ್ಥವನ್ನು ಹುಡುಕಬೇಕಾದವರು ನಾವು. ಆದರೆ ಈ ಋತುವಿನಲ್ಲಿ ಚಳಿಯೆಂಬುದು ಎಲ್ಲ ವ್ಯಾಧಿಗಳ ಮೇಲೂ ಹೊದಿಸಬಹುದಾದ ಕಂಬಳಿಯಾಗಿದೆ. ಆ ಕಂಬಳಿಯನ್ನು ಸ್ವಲ್ಪ ಎತ್ತಿ ನೋಡಬೇಕೆಂಬುದೇ ಈ ತಿಂಗಳ ನನ್ನ ಬಿನ್ನಹ.

ಮೊದಲಿಗೆ ಚಳಿಯ ಪಾಲನ್ನು ಚಳಿಗೆ ಕೊಡೋಣ. ದೊಡ್ಡ ನಾಯಿಗಿಂತ ಸಣ್ಣ ನಾಯಿಗೆ ಚಳಿ ಹೆಚ್ಚು ತಾಗುವುದೇಕೆ? ಇದು ಶಾಲೆಯ ಗಣಿತದಿಂದಲೇ ತಿಳಿಯುವ ಸಂಗತಿ. ಒಂದು ಅಂಗುಲದ ಘನಾಕೃತಿಗೆ ಹೊರಮೈ ೬ ಚದರಂಗುಲ, ಒಡಲು ೧ ಘನಾಂಗುಲ. ಎರಡು ಅಂಗುಲದ ಘನಾಕೃತಿಗೆ ಹೊರಮೈ ೨೪, ಒಡಲು ೮. ಮೊದಲನೆಯದರಲ್ಲಿ ಒಡಲಿಗೆ ಹೊರಮೈಯ ಪ್ರಮಾಣ ಆರು ಪಟ್ಟು. ಎರಡನೆಯದರಲ್ಲಿ ಮೂರೇ ಪಟ್ಟು. ಶಾಖವು ಹುಟ್ಟುವುದು ಒಡಲಿನಲ್ಲಿ, ಸೋರಿಹೋಗುವುದು ಹೊರಮೈಯಿಂದ. ಬಟ್ಟಲಿನ ಚಹವು ಆರಿಹೋಗುವಷ್ಟರಲ್ಲಿ ಪಾತ್ರೆಯ ಚಹವು ಇನ್ನೂ ಬಿಸಿಯಾಗಿರುವುದಕ್ಕೂ ಇದೇ ಕಾರಣ. ಜೊತೆಗೆ ಮೈಕೂದಲು ಕಿರಿದಾಗಿದ್ದರೆ, ಅಥವಾ ಪ್ರಾಣಿಯು ಮುದಿಯೋ ಕೃಶವೋ ಆಗಿದ್ದರೆ, ನಷ್ಟವು ಮತ್ತೂ ಹೆಚ್ಚು. ದಟ್ಟಕೂದಲಿನ ಪೊಮೆರೇನಿಯನ್ ನಾಯಿಯು ತಡೆದುಕೊಂಡ ಗಾಳಿಯನ್ನು ನುಣ್ಣಗಿನ ಮೈಯ ಡ್ಯಾಶ್‌ಹುಂಡು ತಡೆದುಕೊಳ್ಳಲಾರದು.

ಚಳಿ ತಾಗಿದ ನಾಯಿಯು ನಡುಗುತ್ತದೆ. ಬಾಲವನ್ನು ಒಳಕ್ಕೆಳೆದು ಬೆನ್ನನ್ನು ಬಾಗಿಸುತ್ತದೆ. ಅಂಗಳಕ್ಕೆ ಕರೆದರೆ ಹೊಸ್ತಿಲಲ್ಲೇ ನಿಂತು ಒಂದೊಂದಾಗಿ ಪಾದಗಳನ್ನು ಎತ್ತುತ್ತದೆ. ಒಲೆಯ ಬೂದಿಯನ್ನೋ ಬಿಸಿಲಿನ ತುಣುಕನ್ನೋ ಹುಡುಕುತ್ತದೆ. ಇದರಲ್ಲಿ ವಿಚಿತ್ರವೇನೂ ಇಲ್ಲ. ಮರಿಗಳ ವಿಷಯ ಮಾತ್ರ ಬೇರೆ. ಬೀದಿನಾಯಿಗಳು ಹೆಚ್ಚಾಗಿ ಕೂಡುವುದು ಮಳೆಗಾಲದ ಕೊನೆಯಿಂದ ಕಾರ್ತಿಕದವರೆಗೆ. ಗರ್ಭವು ಸುಮಾರು ೬೩ ದಿನ. ಆದುದರಿಂದ ಎಷ್ಟೋ ಮರಿಗಳು ಕೊರೆಯುವ ಚಳಿಯಲ್ಲಿಯೇ ಕಣ್ಣು ತೆರೆಯುತ್ತವೆ. ಹುಟ್ಟಿದ ಮೊದಲ ದಿನಗಳಲ್ಲಿ ಅವುಗಳಿಗೆ ನಡುಗುವ ಶಕ್ತಿಯೂ ಇರುವುದಿಲ್ಲ. ನಡುಗುತ್ತಿಲ್ಲವೆಂದ ಮಾತ್ರಕ್ಕೆ ಮರಿಯು ಬೆಚ್ಚಗಿದೆಯೆಂದು ತಿಳಿಯಬಾರದು, ಮುಟ್ಟಿ ನೋಡಬೇಕು.

ಇನ್ನು ಪರೀಕ್ಷೆ. ನಾಯಿಯ ಸಹಜವಾದ ಉಷ್ಣಮಾನವು ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್, ನಮ್ಮದಕ್ಕಿಂತ ಹೆಚ್ಚು. ಆದ್ದರಿಂದ ಕೈಗೆ ಬಿಸಿಯಾಗಿ ತೋರಿತೆಂದು ಜ್ವರವೆನ್ನಬಾರದು. ಸಂದೇಹ ಬಂದಾಗ ನಾಯಿಯನ್ನು ಗಾಳಿಯಿಲ್ಲದ ಕೋಣೆಗೆ ಕರೆತನ್ನಿರಿ. ಮೈ ಒದ್ದೆಯಾಗಿದ್ದರೆ ಒರೆಸಿರಿ. ಗಚ್ಚಿನ ನೆಲದ ಮೇಲೆ ಮಲಗಿಸದೆ ಹಲಗೆಯೋ ಗೋಣಿಯೋ ಹಾಸಿ, ಹಳೆಯ ಕಂಬಳಿಯನ್ನು ಹೊದಿಸಿರಿ. ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಬೆಚ್ಚಗಿನ ಆಹಾರವನ್ನು ಸ್ವಲ್ಪ ಕೊಟ್ಟು ಗಡಿಯಾರವನ್ನು ನೋಡಿರಿ. ಅರ್ಧ ತಾಸಿನಿಂದ ಒಂದು ತಾಸಿನೊಳಗೆ ನಡುಕವು ನಿಂತು, ನಾಯಿಯು ಎದ್ದು, ಎಂದಿನಂತೆ ಬಾಲವಾಡಿಸಿತೆಂದರೆ ಅದು ಚಳಿಯೇ. ಬೆಚ್ಚಗಾದ ಮೇಲೆಯೂ ವೈಚಿತ್ರ್ಯವು ಹಾಗೆಯೇ ಉಳಿದರೆ, ಕಾರಣವು ಕಂಬಳಿಯ ಕೆಳಗೆ ಬೇರೆ ಇದೆ.

ಈ ಉಪಚಾರದಲ್ಲಿ ಕೆಲವು ಎಚ್ಚರಿಕೆಗಳುಂಟು. ನಾಯಿಯನ್ನು ಬೆಂಕಿಯ ಬಳಿ ಕಟ್ಟಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆಯನ್ನು ಇಡಲೇಬಾರದು. ಅದರ ವಿಷವಾಯುವು ನಾಯಿಯನ್ನೂ ಯಜಮಾನನನ್ನೂ ಭೇದವಿಲ್ಲದೆ ಕೊಲ್ಲುತ್ತದೆ. ಮನುಷ್ಯರ ನೋವಿನ ಮಾತ್ರೆಗಳನ್ನು ತುಂಡುಮಾಡಿಯೂ ಕೊಡಬಾರದು. ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ಗಳು ಸಣ್ಣ ನಾಯಿಗೆ ವಿಷವಾಗಬಲ್ಲವು. ಸಂಜೆಯ ಗಿರಮಿಟ್ಟಿನಲ್ಲಿ ಅದಕ್ಕೊಂದು ಪಾಲು ಕೊಡುವ ವಾತ್ಸಲ್ಯವೂ ಬೇಡ. ಉಳ್ಳಾಗಡ್ಡಿಯು ನಾಯಿಯ ರಕ್ತವನ್ನು ಕೆಡಿಸುತ್ತದೆ. ನಡುಗುತ್ತಿದ್ದ ನಾಯಿಯು ಬೆಚ್ಚಗಾಗದೆಯೇ ನಡುಕವನ್ನು ನಿಲ್ಲಿಸಿ ಜಡವಾಗಿ ಮಲಗಿದರೆ ಅದು ಸುಧಾರಣೆಯಲ್ಲ, ಅಪಾಯದ ಚಿಹ್ನೆ. ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹಸಿದ ಕಿರುಮರಿಯು ತೂರಾಡುತ್ತಿದ್ದರೆ ರಕ್ತದ ಸಕ್ಕರೆಯು ಇಳಿದಿರುವ ಸಂಭವವುಂಟು. ನುಂಗುವ ಶಕ್ತಿಯಿದ್ದರೆ ಬೆಲ್ಲದ ನೀರನ್ನು ಒಸಡಿಗೆ ಸವರುತ್ತ ವೈದ್ಯರ ಬಳಿಗೆ ನಡೆಯಬೇಕು.

ಕಂಬಳಿಯ ಕೆಳಗೆ ಏನೇನಿರಬಹುದು? ಮನೆಮಂದಿಯನ್ನು ಅತಿಯಾಗಿ ಹೆದರಿಸಿ, ಅತಿ ಕಡಿಮೆ ಹಾನಿಮಾಡುವುದು ಹಿಮ್ಮುಖ ಸೀನು. ತಣ್ಣಗಿನ ಗಾಳಿಯೋ ಧೂಳೋ ಗಂಟಲಿನ ಹಿಂಭಾಗವನ್ನು ಕೆಣಕಿದಾಗ ಸಣ್ಣ ನಾಯಿಯು ಥಟ್ಟನೆ ನಿಂತು, ಕತ್ತನ್ನು ಚಾಚಿ, ಗೊರಗೊರನೆ ಉಸಿರನ್ನು ಒಳಕ್ಕೆಳೆಯುತ್ತದೆ. ಪ್ರಾಣವೇ ಹೋಯಿತೆಂದು ನೋಡುವವರಿಗೆ ತೋರುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಅದು ತಾನಾಗಿ ಅಡಗಿ, ನಾಯಿಯು ಏನೂ ಆಗದಂತೆ ಆಡಹೋಗುತ್ತದೆ. ಬ್ಯಾಡಗಿಯ ಗೃಹಸ್ಥರಿಗೆ ಇನ್ನೊಂದು ಕಾರಣವೂ ಮನೆಬಾಗಿಲಲ್ಲೇ ಇದೆ. ೨೦೧೧ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಆ ಊರಿನ ಮೆಣಸಿನಕಾಯಿಯು ಬಣ್ಣಕ್ಕೆ ಹೆಸರಾದುದೇ ಹೊರತು ಖಾರಕ್ಕಲ್ಲವೆಂಬುದು ನಿಜ; ಆದರೆ ನೆಲಕ್ಕೆ ಮೂಗಿಟ್ಟೇ ನಡೆಯುವ ಪ್ರಾಣಿಗೆ ಅದರ ಧೂಳು ಸಾಲದೆ? ನಾಯಿಯು ಸೀನುತ್ತ ಮುಖವನ್ನು ನೆಲಕ್ಕೆ ಉಜ್ಜುತ್ತಿದ್ದರೆ ಒದ್ದೆ ಬಟ್ಟೆಯಿಂದ ಮೂಗು ಪಾದಗಳನ್ನು ಒರೆಸಿ ನೋಡಿರಿ.

ಮೆಟ್ಟಿಲನ್ನು ಹತ್ತಲೊಲ್ಲದೆ, ಮುಟ್ಟಿದರೆ ಗುರುಗುಟ್ಟುವ ಮುದಿನಾಯಿಗೆ ಕೀಲುನೋವು ಇರಬಹುದು. ಉದ್ದಬೆನ್ನಿನ ನಾಯಿಗೆ ಬೆನ್ನೆಲುಬಿನ ನೋವು ಇರಬಹುದು. ಚಳಿಯು ಈ ನೋವುಗಳನ್ನು ಹುಟ್ಟಿಸುವುದಿಲ್ಲ, ಎತ್ತಿ ತೋರಿಸುತ್ತದೆ. ಗೋವಿನಜೋಳದ ಕೋಠಿಗಳಿರುವ ಮನೆಗಳಲ್ಲಿ ಇಲಿಪಾಷಾಣವನ್ನು ಮರೆಯಬಾರದು; ವಿಷದಿಂದಾದ ಕಂಪನವೂ ನೋಟಕ್ಕೆ ಚಳಿಯ ನಡುಕದಂತೆಯೇ ಇರುತ್ತದೆ. ಜೊಲ್ಲು, ವಾಂತಿ, ಸೆಟೆದ ಕಾಲುಗಳು ಜೊತೆಗೂಡಿದರೆ ಗಳಿಗೆಯನ್ನೂ ಕಳೆಯದೆ, ಸಿಕ್ಕಿದರೆ ವಿಷದ ಪೊಟ್ಟಣದೊಂದಿಗೆ ಆಸ್ಪತ್ರೆಗೆ ಓಡಬೇಕು. ಚಿಕ್ಕ ನಾಯಿಗೆ ಕಣ್ಣು ಮೂಗುಗಳಲ್ಲಿ ಕೀವು, ಜ್ವರ, ಬಳಿಕ ಏನನ್ನೋ ಜಗಿಯುವಂತೆ ದವಡೆಯ ಅದುರಾಟ ಕಂಡರೆ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕವಿರಬಹುದು. ಅದರ ರೋಗಾಣುವು ಶಾಖಕ್ಕೆ ಬೇಗನೆ ಸಾಯುತ್ತದೆ, ತಂಪಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಆದುದರಿಂದ ಚಳಿಗಾಲವು ಅದಕ್ಕೆ ಅನುಕೂಲ.

ಇಷ್ಟನ್ನೂ ಬದಿಗಿರಿಸುವಂಥ ಭಯವೊಂದಿದೆ. ಗೃಹಸ್ಥರು ಪ್ರಶ್ನೆಯನ್ನು ಕೇಳುವಾಗ ನಾಲಗೆಯ ತುದಿಯಲ್ಲಿದ್ದೂ ಹೊರಗೆ ಬಾರದ ಮಾತು ಅದು. ರಾಣೇಬೆನ್ನೂರಿನ ಒಂದು ಮನೆಯಲ್ಲಿ ನಡೆದುದನ್ನು ಹೇಳುತ್ತೇನೆ. ಅವರ ಬಿಳಿಯ ಕಿರುನಾಯಿಯು ಒಂದು ಬೆಳಗ್ಗೆ ಕಾಳಿನ ಚೀಲಗಳ ಹಿಂದೆ ಅಡಗಿತು. ಮಗುವು ಕರೆದರೆ ಹಲ್ಲು ತೋರಿಸಿತು. ಚಳಿಯೆಂದಳು ಅಜ್ಜಿ. ಹುಚ್ಚು ಹಿಡಿದಿದೆ, ಗೋಣಿಯಲ್ಲಿ ಕಟ್ಟಿ ಊರಾಚೆ ಬಿಟ್ಟು ಬರೋಣವೆಂದರು ಪಕ್ಕದವರು. ಗೋಣಿಯೂ ಹೊರಗೆ ಬಂದಿತ್ತು. ಆ ಮನೆಯ ಸೊಸೆಯು ಮಾತನಾಡದೆ ಒಳಗೆ ಹೋಗಿ, ದೇವರ ಕೋಣೆಯ ಪೆಟ್ಟಿಗೆಯಿಂದ ಒಂದು ಕಾಗದವನ್ನು ತಂದಳು: ನಾಲ್ಕು ತಿಂಗಳ ಹಿಂದೆ ಪಶುಚಿಕಿತ್ಸಾಲಯದಲ್ಲಿ ರೇಬೀಸ್ ಲಸಿಕೆ ಹಾಕಿಸಿದ್ದಕ್ಕೆ ದಾಖಲೆ. ಅಷ್ಟರಿಂದಲೇ ಮನೆಯ ಗಾಳಿಯು ಬದಲಾಯಿತು. ಮಗುವನ್ನು ದೂರವಿರಿಸಿ, ಬಾಗಿಲು ಮುಚ್ಚಿ, ವೈದ್ಯರನ್ನು ಕರೆಸಿದರು. ಮಂಚದಿಂದ ಹಾರಿದಾಗ ಬೆನ್ನು ಉಳುಕಿತ್ತಂತೆ. ಹದಿನೈದು ದಿನಗಳಲ್ಲಿ ನಾಯಿಯು ಎಂದಿನಂತಾಯಿತು.

ಭಾರತದ ಆದಿಪರ್ವದಲ್ಲಿ ಸರಮೆಯ ಕಥೆಯಿದೆ. ಯಾಗದ ಹವಿಸ್ಸನ್ನು ನೋಡದೆ, ನೆಕ್ಕದೆ ಇದ್ದ ಅವಳ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದರು. ಏಕೆಂದು ತಾಯಿಯು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ವಿಚಾರಿಸದೆ ದಂಡಿಸುವುದು ಅಷ್ಟು ಹಳೆಯ ತಪ್ಪು.

ಆದರೆ ವಿಚಾರಿಸದೆ ಮುದ್ದಿಸುವುದೂ ತಪ್ಪೇ. ಹುಚ್ಚು ಬೇಸಿಗೆಯ ರೋಗ, ಚಳಿಯಲ್ಲಿ ಅದೆಲ್ಲಿಂದ ಬಂದೀತು ಎಂಬ ನಂಬಿಕೆಯು ನಮ್ಮಲ್ಲಿದೆ. ಪಾಶ್ಚಾತ್ಯರಲ್ಲಿಯೂ ಇತ್ತು: ನಾವು ಲುಬ್ಧಕವೆಂದು ಕರೆಯುವ ನಕ್ಷತ್ರವನ್ನು ಅವರು ನಾಯಿಯ ನಕ್ಷತ್ರವೆಂದು ಕರೆದು, ಅದು ಸೂರ್ಯನೊಡನೆ ಉದಯಿಸುವ ಸೆಕೆಯ ದಿನಗಳಲ್ಲಿ ನಾಯಿಗಳು ಕೆರಳುವುವೆಂದು ಎಣಿಸಿದ್ದರು. ಅದೇ ನಕ್ಷತ್ರವು ಪುಷ್ಯದ ರಾತ್ರಿಗಳಲ್ಲಿ ನಮ್ಮ ಮೂಡಣ ದಿಕ್ಕಿನಲ್ಲಿ ಉಜ್ವಲವಾಗಿ ಕಾಣುತ್ತದೆ. ರೇಬೀಸಿಗೆ ಋತುವಿಲ್ಲ. ಅದು ಸೋಂಕಿದ ಪ್ರಾಣಿಯ ಜೊಲ್ಲಿನಿಂದ ಬರುವ ರೋಗ. ಕಚ್ಚಿಸಿಕೊಂಡ ವಾರಗಳ ಅಥವಾ ತಿಂಗಳುಗಳ ಬಳಿಕ ಹೊರಬೀಳುತ್ತದೆ. ಅಟ್ಟಿಸಿಕೊಂಡು ಬರುವ ಉಗ್ರರೂಪವು ಎಲ್ಲರಿಗೂ ಗೊತ್ತು, ಮೂಕರೂಪವೇ ಮೋಸದ್ದು. ಅದರಲ್ಲಿ ನಾಯಿಯು ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆಯು ಜೋಲುತ್ತದೆ, ನುಂಗಲಾರದೆ ಜೊಲ್ಲು ಸುರಿಯುತ್ತದೆ, ಗಂಟಲಿನಲ್ಲಿ ಎಲುಬು ಸಿಕ್ಕಿದಂತೆ ತೋರುತ್ತದೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಬಾಲ, ದವಡೆ, ಹೆಗಲುಗಳು ಜೋತುಬಿದ್ದು ಜೊಲ್ಲು ಸುರಿಸುವ ಇಂಥ ನಾಯಿಯ ವರ್ಣನೆಯುಂಟು. ನೀರನ್ನು ಕಂಡು ಬೆದರುವ ಜಲತ್ರಾಸವು ಬಂದ ರೋಗಿಯು ಬದುಕನೆಂದೂ ಅಲ್ಲಿ ಹೇಳಿದೆ. ಎಲುಬು ತೆಗೆಯಹೋಗಿ ಅಂಥ ಬಾಯಿಗೆ ಕೈಹಾಕುವುದು ಪ್ರೀತಿಯಿಂದ ಮಾಡುವ ಅತಿ ಘೋರವಾದ ತಪ್ಪು. ಹಿಮ್ಮುಖ ಸೀನು ನಿಮಿಷದಲ್ಲಿ ಕಳೆಯುತ್ತದೆ, ಇದು ಕಳೆಯುವುದಿಲ್ಲ. ಕಳೆಯದಿದ್ದರೆ ಮುಟ್ಟದೆ ಕೋಣೆಯ ಬಾಗಿಲನ್ನು ಹಾಕಿ ವೈದ್ಯರನ್ನು ಕರೆಯಿರಿ.

ನಾಯಿಯು ಕಚ್ಚಿದರೆ, ಅಥವಾ ಅದರ ಜೊಲ್ಲು ಗಾಯಕ್ಕೆ ತಾಗಿದರೆ, ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಗಾಯಕ್ಕೆ ಸುಣ್ಣ, ಅರಿಸಿನ, ಮೆಣಸಿನಪುಡಿಗಳನ್ನು ತುಂಬುವ ರೂಢಿಯು ನಿಲ್ಲಬೇಕು. ಬ್ಯಾಡಗಿಯ ಮೆಣಸಿನಪುಡಿಯು ಸಾರಿಗೆ ಭೂಷಣವೇ ಹೊರತು ಗಾಯಕ್ಕಲ್ಲ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುವ ಕ್ರಮವುಂಟು. ಆದರೆ ಆ ಹತ್ತು ದಿನ ಚುಚ್ಚುಮದ್ದನ್ನು ತಡೆಹಿಡಿದು ಕಾಯಬಾರದು. ೧೮೮೫ರಲ್ಲಿ ಪಾಶ್ಚರರು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಮೊದಲ ಚಿಕಿತ್ಸೆಯನ್ನು ಕೊಟ್ಟರು. ೧೯೦೭ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣಕ್ಕೊಂದು ಪಾಶ್ಚರ್ ಸಂಸ್ಥೆಯು ಆರಂಭವಾಯಿತು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡ ಕಥೆಯನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಆ ಪದ್ಧತಿಯು ಹೋಗಿ ಬಹಳ ವರ್ಷಗಳಾದವು. ಈಗ ತೋಳಿಗೆ ನಾಲ್ಕೈದು ಬಾರಿ, ಗಾಯವು ಆಳವಾಗಿದ್ದರೆ ಅದರೊಳಗೆ ಪ್ರತಿವಿಷದ ಔಷಧ. ಲಕ್ಷಣಗಳು ತೋರಿದ ಮೇಲೆ ಈ ರೋಗಕ್ಕೆ ಚಿಕಿತ್ಸೆಯಿಲ್ಲವೆನ್ನಬಹುದು. ತೋರುವ ಮೊದಲು ಸಂಪೂರ್ಣವಾದ ರಕ್ಷಣೆಯಿದೆ.

ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಬಳಿಕ ವೈದ್ಯರು ಹೇಳಿದಂತೆ ವರ್ಷವರ್ಷವೂ ಪುನಃ. ಡಿಸ್ಟೆಂಪರಿನ ಲಸಿಕೆಯು ಅದಕ್ಕೂ ಮೊದಲೇ. ಲಸಿಕೆಯ ದಿನವನ್ನು ಬರೆದಿಟ್ಟ ಮನೆಯವರು ಚಳಿಯ ಬೆಳಗಿನಲ್ಲಿ ಸಮಾಧಾನದಿಂದ ಗಡಿಯಾರವನ್ನು ನೋಡಬಲ್ಲರು. ಬರೆದಿಡದವರು ಗೋಣಿಯನ್ನು ಹುಡುಕುತ್ತಾರೆ. ಆದುದರಿಂದ ವಾಚಕರು ಈ ಪುಟವನ್ನು ಮಡಚುವ ಮೊದಲು ಆ ಕಾಗದವು ಮನೆಯಲ್ಲಿ ಎಲ್ಲಿದೆಯೆಂದು ಹುಡುಕಿ, ಅದರ ಮೇಲಿನ ತಾರೀಖನ್ನು ಓದಿಕೊಳ್ಳಲಿ. ವರ್ಷ ಕಳೆದಿದ್ದರೆ ನಾಳೆಯೇ, ಬಿಸಿಲೇರಿದ ಮೇಲೆ, ನಾಯಿಯನ್ನು ಕರೆದುಕೊಂಡು ಪಶುಚಿಕಿತ್ಸಾಲಯದ ದಾರಿ ಹಿಡಿಯಲಿ.