ವಾಸದ ಲೆಕ್ಕವೂ ಪೌರತ್ವದ ಹಕ್ಕೂ

ಪರದೇಶದಲ್ಲಿ ಖಾಯಂ ನಿವಾಸದ ಅನುಮತಿಯನ್ನು ಪಡೆದವನು ಎಷ್ಟು ಕಾಲ ಕಳೆದ ಮೇಲೆ ಅಲ್ಲಿಯ ಪೌರತ್ವವನ್ನು ಬೇಡಬಹುದೆಂಬ ಪ್ರಶ್ನೆಯು, ಹಿಪ್ಪುನೇರಳೆಯ ತೋಟವನ್ನೂ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೂ ನೆಚ್ಚಿ ಬಾಳುತ್ತಿದ್ದ ನಮ್ಮ ಜಂಗಮಕೋಟೆಯ ಸೀಮೆಗೆ ಹಿಂದೆ ಅಪರಿಚಿತವಾಗಿದ್ದಿತು. ಇಂಜಿನಿಯರಿಂಗ್ ಓದಿದ ಮಕ್ಕಳು ದೇವನಹಳ್ಳಿಯ ವಿಮಾನನಿಲ್ದಾಣದಿಂದ ಹೊರಟು ದೂರದೇಶಗಳಲ್ಲಿ ನೆಲಸತೊಡಗಿದ ಮೇಲೆ ಅದು ಇಲ್ಲಿಯ ತಂದೆತಾಯಿಗಳ ಚಿಂತೆಯೂ ಆಗಿದೆ. ಅವಧಿಯು ಎಷ್ಟೆಂಬುದಕ್ಕಿಂತ ಅದನ್ನು ಎಂದಿನಿಂದ ಎಣಿಸತಕ್ಕದ್ದೆಂಬುದೇ ಇಲ್ಲಿ ವಿಚಾರಾರ್ಹವೆಂದು ನನಗೆ ತೋರುತ್ತದೆ.

ಅಮೆರಿಕದ ವಿಧಿಯಂತೆ ಖಾಯಂ ನಿವಾಸದ ಅನುಮತಿಯಾದ ಗ್ರೀನ್ ಕಾರ್ಡ್ ಪಡೆದ ದಿನದಿಂದ ಐದು ವರ್ಷ, ಅಲ್ಲಿಯ ಪೌರರನ್ನು ವಿವಾಹವಾಗಿ ಅವರೊಡನೆ ಬಾಳುತ್ತಿರುವವರಿಗೆ ಮೂರು ವರ್ಷ ಸಲ್ಲಬೇಕು. ಆ ಐದರಲ್ಲಿ 30 ತಿಂಗಳಾದರೂ ಆ ನೆಲದಲ್ಲಿಯೇ ಇದ್ದಿರಬೇಕು. ಅರ್ಜಿಯನ್ನು 90 ದಿನ ಮುಂಚಿತವಾಗಿ ಸಲ್ಲಿಸಬಹುದು. ಐದೆಂಬ ಸಂಖ್ಯೆಯೇನೂ ಅನಾದಿಯಲ್ಲ. 1790ರಲ್ಲಿ ಎರಡು ವರ್ಷವಿದ್ದುದು 1795ರಲ್ಲಿ ಐದಾಯಿತು, ಪರಕೀಯರ ಭೀತಿ ತಲೆಯೆತ್ತಿದ 1798ರಲ್ಲಿ ಹದಿನಾಲ್ಕಕ್ಕೇರಿತು, 1802ರಲ್ಲಿ ಮರಳಿ ಐದಕ್ಕಿಳಿಯಿತು. ಭಾರತೀಯರಿಗಂತೂ 1923ರಲ್ಲಿ ಭಗತ್ ಸಿಂಗ್ ಥಿಂಡರ ಮೊಕದ್ದಮೆಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಬಾಗಿಲನ್ನೇ ಮುಚ್ಚಿತು. 1946ರ ಶಾಸನ ಅದನ್ನು ತೆರೆಯಿತು.

ಅವಧಿಯನ್ನು ಕೇಳುವುದು ಅನ್ಯಾಯವಲ್ಲ. ಒಂದು ಸಮಾಜದ ನಡೆನುಡಿಯನ್ನೂ ಕಷ್ಟಸುಖಗಳನ್ನೂ ತನ್ನದಾಗಿಸಿಕೊಳ್ಳಲು ಕಾಲ ಬೇಕು. ಆದರೆ ಆ ಆತ್ಮೀಯತೆಯು ಕಾರ್ಡಿನ ತಾರೀಖಿನಿಂದ ಮೊದಲಾಗುವುದಿಲ್ಲ. ಉದ್ಯೋಗದ ಗ್ರೀನ್ ಕಾರ್ಡುಗಳಲ್ಲಿ ಯಾವೊಂದು ದೇಶದಲ್ಲಿ ಜನಿಸಿದವರಿಗೂ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿಯಿರುವುದರಿಂದ, ಭಾರತದಲ್ಲಿ ಹುಟ್ಟಿದ ಎಷ್ಟೋ ಮಂದಿ ಹತ್ತು ವರ್ಷಕ್ಕೂ ಮಿಗಿಲಾಗಿ ತಾತ್ಕಾಲಿಕ ಉದ್ಯೋಗದ ಎಚ್-1ಬಿ ವೀಸಾದಲ್ಲಿಯೇ ಕಾದಿರುತ್ತಾರೆ. ತೆರಿಗೆ ತೆರುತ್ತಾರೆ, ಮಕ್ಕಳನ್ನು ಅಲ್ಲಿಯ ಶಾಲೆಯಲ್ಲಿ ಓದಿಸುತ್ತಾರೆ. ಆದರೂ ಆ ವರ್ಷಗಳ ಒಂದು ದಿನವೂ ಲೆಕ್ಕಕ್ಕೆ ಸೇರುವುದಿಲ್ಲ. ಅವರು ತಾತ್ಕಾಲಿಕವಾಗಿ ಬಂದವರೆಂಬ ಆಕ್ಷೇಪಣೆಯುಂಟು. ಆ ವೀಸಾದ ಆರು ವರ್ಷದ ಮಿತಿ ಮುಗಿದರೂ, ಖಾಯಂ ವಾಸದ ಕೋರಿಕೆಗೆ ಒಪ್ಪಿಗೆ ದೊರೆತಿದೆಯೆಂಬ ಕಾರಣದಿಂದಲೇ ವೀಸಾವನ್ನು ಮತ್ತೆ ಮತ್ತೆ ಮುಂದುವರಿಸುವ ಸರ್ಕಾರವು ಅದೇ ಬಾಯಿಂದ ಅವರನ್ನು ತಾತ್ಕಾಲಿಕರೆನ್ನುವುದು ಹೇಗೆ ಸಮಂಜಸವಾದೀತು? ಆಸ್ಟ್ರೇಲಿಯವು ಸಾಮಾನ್ಯವಾಗಿ ನಾಲ್ಕು ವರ್ಷದ ನ್ಯಾಯಬದ್ಧ ವಾಸವನ್ನು ಕೇಳಿ, ಕೊನೆಯ 12 ತಿಂಗಳು ಮಾತ್ರ ಖಾಯಂ ಆಗಿರಬೇಕೆನ್ನುತ್ತದೆ. ನಮ್ಮ ಪೌರತ್ವ ಕಾಯಿದೆಯೂ ಸಾಮಾನ್ಯ ಅರ್ಜಿದಾರನಿಂದ ಹಿಂದಿನ 12 ತಿಂಗಳ ಅಖಂಡವಾಸವನ್ನೂ, ಅದಕ್ಕೂ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷಗಳನ್ನೂ ಅಪೇಕ್ಷಿಸುತ್ತದೆ. ಅದು ಅತಿದೀರ್ಘವೆಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಎಣಿಕೆಗೆ ಬರುವುದು ವಾಸವೇ ಹೊರತು ಕಾರ್ಡಲ್ಲ.

ಪೌರತ್ವವನ್ನು ಬೇಡುವ ನಮ್ಮವನ ಮನಸ್ಸು ದೃಢವಲ್ಲವೆಂದು ಶಂಕಿಸಲು ಕಾರಣವಿಲ್ಲ. ಭಾರತವು ಎರಡು ಪೌರತ್ವಗಳನ್ನು ಒಪ್ಪದಾದ್ದರಿಂದ ಅವನು ಇಲ್ಲಿಯ ಪಾಸ್‌ಪೋರ್ಟನ್ನೂ ಮತದಾನದ ಹಕ್ಕನ್ನೂ ತೊರೆಯುತ್ತಾನೆ; ಪರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನಿಂದ ತಂದೆಯ ತೋಟಕ್ಕೆ ವಾರಸುದಾರನಾಗಬಲ್ಲನೇ ಹೊರತು ಪಕ್ಕದ ಒಂದು ಗುಂಟೆ ಕೃಷಿಭೂಮಿಯನ್ನು ಸಾಮಾನ್ಯವಾಗಿ ಕೊಳ್ಳಲಾರನು.

ಇನ್ನು ಗೈರುಹಾಜರಿಯ ವಿಷಯ. ಹಾಸಿಗೆ ಹಿಡಿದ ತಾಯಿಯ ಶುಶ್ರೂಷೆಗೆ ಬಂದ ಮಗನು ಆರು ತಿಂಗಳಿಗೂ ಮಿಗಿಲಾಗಿ ಊರಲ್ಲುಳಿದರೆ ಅಮೆರಿಕದಲ್ಲಿ ಅವನ ನಿರಂತರ ವಾಸವು ಸಂದೇಹಕ್ಕೊಳಗಾಗುತ್ತದೆ. ತನ್ನ ಮನೆ, ಉದ್ಯೋಗ, ಸಂಸಾರಗಳು ಅಲ್ಲಿಯೇ ಇದ್ದುವೆಂದು ರುಜುವಾತು ಮಾಡುವ ಹೊಣೆ ಅವನ ಮೇಲೆ ಬೀಳುತ್ತದೆ. ಗೈರುಹಾಜರಿಯು ಒಂದು ವರ್ಷವಾಯಿತೆಂದರೆ, ಕೆಲವು ಉದ್ಯೋಗಗಳವರನ್ನುಳಿದು ಮಿಕ್ಕವರ ಎಣಿಕೆ ಕಡಿದುಹೋಗಿ, ಮರಳಿದ ಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ ಒಂದು ದಿನ ಕಾಯಬೇಕಾಗುತ್ತದೆ. ಮಾತಾಪಿತೃಸೇವೆಗೆ ಇಂತಹ ದಂಡವನ್ನು ವಿಧಿಸಿ ಯಾವ ರಾಷ್ಟ್ರವೂ ಉತ್ತಮ ಪೌರನನ್ನು ಪಡೆಯಲಾರದು. ಕೆನಡಾದ ಕ್ರಮ ಇದಕ್ಕಿಂತ ಮೇಲು: ಐದು ವರ್ಷಗಳಲ್ಲಿ ಒಟ್ಟು 1,095 ದಿನ ಅಲ್ಲಿದ್ದರಾಯಿತು, ಖಾಯಂ ಆಗುವ ಮುನ್ನ ನ್ಯಾಯಬದ್ಧವಾಗಿ ಕಳೆದ ಒಂದೊಂದು ದಿನವೂ ಅರ್ಧ ದಿನವಾಗಿ, 365ರವರೆಗೆ, ಜಮೆಯಾಗುತ್ತದೆ, ತಾಯಿಯ ಬಳಿ ಕಳೆದ ದಿನಗಳು ಆ ಮೊತ್ತಕ್ಕೆ ಸೇರದಿದ್ದರೂ, ಐದು ವರ್ಷದೊಳಗಿನ ಹಿಂದಿನ ದಿನಗಳು ಅಳಿಸಿಹೋಗುವುದಿಲ್ಲ.