ರಜೆಯ ಕೊನೆಯ ಮೂರು ದಿನ

ರಜೆ ಹಾಕಿ ಊರು ಸುತ್ತಿ ಬಂದವರ ಮುಖ ಗಮನಿಸಿದ್ದೀರಾ? ಹೊರಡುವ ದಿನ ಮದುವೆ ಮನೆಯ ಕಳೆ ಇರುತ್ತೆ. ವಾಪಸ್ ಬರುವಾಗ ಎಸ್ಸೆಸ್ಸೆಲ್ಸಿ ಗಣಿತದ ಪೇಪರ್ ಮುಗಿಸಿ ಬಂದವರ ಥರ ಆಗಿರುತ್ತೆ. "ಇನ್ನೂ ಎರಡು ದೇವಸ್ಥಾನ, ಒಂದು ಫಾಲ್ಸು ಬಾಕಿ ಇದೆ, ಬೇಗ ಏಳಿ" ಅಂತ ಕೊನೆಯ ದಿನ ಬೆಳಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸುವ ಜನ ನಾವು. ನಾನೂ ಅದೇ ಜಾತಿಯವನೇ, ಸುಳ್ಳು ಯಾಕೆ ಹೇಳಲಿ. ಆದರೆ 2026ರ ಜನವರಿ ಕೊನೆಯಲ್ಲಿ ಹತ್ತು ದಿನ ಗಂಗಾವತಿ ತಾಲ್ಲೂಕಿನ ಗೆಳೆಯನ ಮನೆಯಲ್ಲಿದ್ದು ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ರಜೆಯ ಕೊನೆಯ ಮೂರು ದಿನಕ್ಕೆ ಏನೂ ಕಾರ್ಯಕ್ರಮ ಇಟ್ಟುಕೊಳ್ಳಬಾರದು. ಸುಮ್ಮನೆ ಖಾಲಿ ಬಿಡಬೇಕು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಆ ಖಾಲಿ ದಿನಗಳು ನನಗೆ ಸಿಕ್ಕ ರೀತಿಯಲ್ಲೇ ಒಂದು ಕಸಿವಿಸಿ ಇದೆ. ಅದನ್ನೂ ಹೇಳಬೇಕು.

ನಿಜ ಹೇಳಬೇಕೆಂದರೆ ಈ ಸಲ ನಾನು ಹೋಗಬೇಕಾಗಿದ್ದುದು ಮೆಲ್ಬರ್ನ್‌ಗೆ. ಧಾರವಾಡದಲ್ಲಿ ಪಿಯುಸಿ ಓದುವಾಗ ನಾವು ಮೂವರು ಒಂದೇ ರೂಮಿನಲ್ಲಿದ್ದೆವು. ಒಬ್ಬ ಆಸ್ಟ್ರೇಲಿಯಾ ಸೇರಿದ, ಒಬ್ಬ ಊರಿಗೆ ಹೋಗಿ ಗದ್ದೆ ಹಿಡಿದ, ನಾನು ಬೆಂಗಳೂರಿನ ಟ್ರಾಫಿಕ್ಕಿಗೆ ಬಿದ್ದೆ. ಮೆಲ್ಬರ್ನ್‌ನವನು ಪ್ರತಿ ವರ್ಷ ಕರೆಯುತ್ತಾನೆ. ವಿಮಾನದ ಟಿಕೆಟ್ಟಿನ ರೇಟು ನೋಡಿದಾಗಲೆಲ್ಲ ನನಗೆ ಗಂಗಾವತಿಯ ಗೆಳೆಯನ ನೆನಪು ಬಹಳ ಆಗುತ್ತೆ :) ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕೊಪ್ಪಳ. ಸ್ಟೇಷನ್ನಿಗೆ ಅವನೇ ಬೈಕ್ ತಂದಿದ್ದ.

ನಾನು ಬೆಂಗಳೂರಿನಿಂದಲೇ ಲಿಸ್ಟ್ ಪ್ರಿಂಟ್ ಮಾಡಿಕೊಂಡು ಹೋಗಿದ್ದೆ. ಮೊದಲ ಆರೇಳು ದಿನದ ಕಥೆ ಬೇಗ ಮುಗಿಸಿಬಿಡ್ತೀನಿ. ಕೊಪ್ಪಳದ ಗವಿಮಠ, ಅಲ್ಲಿನ ಅಶೋಕನ ಶಾಸನ, ಪಾಲ್ಕಿಗುಂಡಿನ ಇನ್ನೊಂದು ಶಾಸನ. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರ ಓಣಿ. ಕುಕನೂರಿನ ನವಲಿಂಗ ಗುಡಿ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ. ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿಯ 575 ಮೆಟ್ಟಿಲು. ಹಿರೇಬೆಣಕಲ್ಲಿನ ಗುಡ್ಡ. ಎಲ್ಲ ಆಯಿತು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನದಲ್ಲಿ ಅದಕ್ಕೆ 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ ಅನ್ನುವುದೆಲ್ಲ ನನಗೆ ಬಾಯಿಪಾಠ. ಆದರೆ ಅಲ್ಲಿನ ಕಂಬಗಳ ನುಣುಪು ಹೇಗಿತ್ತು ಅಂತ ಕೇಳಿದರೆ ಮೊಬೈಲ್ ತೆಗೆದು ನೋಡಿ ಹೇಳಬೇಕು. ಅಷ್ಟು ಅವಸರದಲ್ಲಿ ನೋಡಿದ್ದೆ.

ಹಿರೇಬೆಣಕಲ್ಲಿನಲ್ಲಿ ನಡೆದದ್ದು ಮಾತ್ರ ಹೇಳಲೇಬೇಕು. ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು, ಚಿಕ್ಕ ಚಿಕ್ಕ ಮನೆಗಳ ಹಾಗೆ. ನಾನ್ನೂರಕ್ಕೂ ಹೆಚ್ಚಿವೆ. ಜನ ಮೊರೇರ ಗುಡ್ಡ ಅಂತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ನಾನು ಒಂದರಿಂದ ಒಂದಕ್ಕೆ ಓಡುತ್ತಾ ಫೋಟೋ ಹೊಡೆಯುತ್ತಿದ್ದೆ. ಗೆಳೆಯ ಒಂದು ಬಂಡೆಯ ನೆರಳಲ್ಲಿ ಕಾಲು ಚಾಚಿ ಕೂತವನು ಅಲ್ಲಿಂದಲೇ ಕೂಗಿದ: "ಲೇ ದೋಸ್ತ, ಅವರೆಲ್ಲಾ ಎರಡ್ ಮೂರ್ ಸಾವಿರ ವರ್ಷದಿಂದ ಆರಾಮ ಮಲಗ್ಯಾರ. ಎಲ್ಲೂ ಓಡಿ ಹೋಗಂಗಿಲ್ಲ. ನೀನ್ಯಾಕ ಓಡಾಕತ್ತಿ?"

ಎಂಟನೆಯ ದಿನ ಬೆಳಗ್ಗೆ ಎದ್ದು ಲಿಸ್ಟ್ ತೆಗೆದೆ. ಕುಷ್ಟಗಿ ಕಡೆಯ ಪುರದ ಗುಡಿ ಮತ್ತು ಕಬ್ಬರಗಿಯ ಕಪಿಲತೀರ್ಥ ಬಾಕಿ ಇದ್ದವು. ಗೆಳೆಯ ಬೈಕಿನ ಕೀಲಿಯನ್ನು ತನ್ನ ಅವ್ವನ ಕೈಗೆ ಕೊಟ್ಟುಬಿಟ್ಟಿದ್ದ. ಅವ್ವ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ರೊಟ್ಟಿ ಬಡಿಯಲು ಕೂತಿದ್ದರು. "ಇವತ್ತ ಎಲ್ಲೂ ಇಲ್ಲ. ಕುಂದ್ರು" ಅಂದ ಗೆಳೆಯ.

ಕೂತೆ. ಮೊದಲ ಅರ್ಧ ದಿನ ಭಾರಿ ಹಿಂಸೆಯಾಯಿತು. ಹತ್ತು ನಿಮಿಷಕ್ಕೊಮ್ಮೆ ಮೊಬೈಲ್ ನೋಡುವುದು, ಎದ್ದು ನಿಲ್ಲುವುದು. ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಮೊಸರು. ಆಮೇಲೆ ಪಡಸಾಲೆಯಲ್ಲಿ ಬರಿ ಚಾಪೆಯ ಮೇಲೆ ಬಿದ್ದವನು ಎದ್ದದ್ದು ನಾಲ್ಕೂವರೆಗೆ. ಸಂಜೆ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಮಂಡಾಳ ವಗ್ಗರಣಿ, ಮಿರ್ಚಿ. ಕಟ್ಟೆಯ ಮೇಲಿನ ಹಿರಿಯರೊಬ್ಬರು ನನ್ನನ್ನು ಯಾವ ಊರು, ಎಷ್ಟು ಮಕ್ಕಳು, ಸಂಬಳ ಎಷ್ಟು ಅಂತ ಕ್ರಮವಾಗಿ ವಿಚಾರಿಸಿಕೊಂಡರು. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಇಪ್ಪತ್ತು ವರ್ಷದಿಂದ ಫೋನಿನಲ್ಲಿ "ಆರಾಮಾ? ಆರಾಮ" ಅಷ್ಟರಲ್ಲೇ ಮುಗಿಯುತ್ತಿದ್ದ ಮಾತು ಆವತ್ತು ಎರಡು ಗಂಟೆವರೆಗೆ ಹೋಯಿತು. ಅವನ ಅಪ್ಪ ತೀರಿಕೊಂಡಾಗ ನಾನು ಬರಲಿಲ್ಲ ಅನ್ನುವ ಸಿಟ್ಟು ಅವನಲ್ಲಿ ಇನ್ನೂ ಇದೆ ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ. ಹಿಂದಿನ ಏಳೂ ದಿನ ಅವನು ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಸುತ್ತಿಸಿದ್ದ. ಬೈಕಿನ ಮೇಲೆ ಅಂಥ ಮಾತು ಬರುವುದಿಲ್ಲ ನೋಡಿ. ನನ್ನ ಲಿಸ್ಟ್ ಪ್ರಕಾರವೇ ನಡೆದಿದ್ದರೆ ನಾನು ಅವನ ಮನೆಯನ್ನು ಲಾಡ್ಜ್ ಥರ, ಅವನನ್ನು ಡ್ರೈವರ್ ಥರ ಬಳಸಿಕೊಂಡು ಥ್ಯಾಂಕ್ಸ್ ಹೇಳಿ ಬಂದಿರುತ್ತಿದ್ದೆ.

ಮಾರನೆಯ ದಿನ ಬೆಳಗ್ಗೆ ಕಟ್ಟೆಯ ಮೇಲೆ ಕೂತಾಗ ಒಂದು ಪ್ರಶ್ನೆ ಬಂತು. ಎಷ್ಟೊಂದು ಜನ ಇಲ್ಲಿ ಖಾಲಿ ಕೂತಿದ್ದಾರಲ್ಲ? ನಮ್ಮ ವಯಸ್ಸಿನವರು, ಗಟ್ಟಿ ಆಳುಗಳು. ನಾನು ದೊಡ್ಡದಾಗಿ "ಎಷ್ಟು ನೆಮ್ಮದಿ ಮಾರಾಯ ನಿಮ್ಮೂರಲ್ಲಿ, ಯಾರಿಗೂ ಅವಸರವೇ ಇಲ್ಲ" ಅಂದೆ.

ಗೆಳೆಯ ನಕ್ಕ. "ನೀರ ಇಲ್ಲಲ್ಲೋ. ನೀರ ಇದ್ದಿದ್ರ ಈ ಹೊತ್ತಿನಾಗ ನಾ ನಿನಗ ಸಿಗ್ತಿದ್ದಿಲ್ಲ."

ನಾಚಿಕೆಯಾಯಿತು. ಪೇಪರ್ ಓದುವ ನನಗೆ ವಿಷಯ ಗೊತ್ತಿತ್ತು, ಆದರೆ ಆ ಕಟ್ಟೆಗೆ ಜೋಡಿಸಿಕೊಂಡಿರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿ ಹೋದದ್ದು ನಿಮಗೆ ನೆನಪಿರಬಹುದು. ತುಂಬಿದ್ದ ಡ್ಯಾಮಿನಿಂದ ನೀರು ಹೊಳೆಗೆ ಬಿಟ್ಟರು. ಹರಿಯುವ ನೀರಿನಲ್ಲೇ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ನಿಲ್ಲಿಸಿದರು. ಅದೇನೋ ಸಾಹಸವೇ. ಆದರೆ ಡ್ಯಾಮಿನ 33 ಗೇಟುಗಳೂ ಎಪ್ಪತ್ತು ವರ್ಷದಷ್ಟು ಹಳೆಯವಾಗಿದ್ದವು. ಹಾಗಾಗಿ 2025ರ ಮಳೆಗಾಲದಲ್ಲಿ 105 ಟಿಎಂಸಿ ಹಿಡಿಯುವ ಡ್ಯಾಮಿನಲ್ಲಿ 80ರ ಸುಮಾರಿಗೆ ನಿಲ್ಲಿಸಿದರು. ಹೊಸ ಗೇಟು ಕೂರಿಸಬೇಕು, ಅದಕ್ಕೆ ನೀರು ಕೆಳಗಿಳಿಯಬೇಕು, ಆದ್ದರಿಂದ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನವಾಯಿತು. ಬಿಡಿ, ಗೇಟು ಹಾಕಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಗೆಳೆಯನದೂ ಇಲ್ಲ. "ಗೇಟ್ ಹಾಕ್ಲಿ. ಆದ್ರ ಎಪ್ಪತ್ತ್ ವರ್ಷದಾಗ ಯಾರಿಗೂ ನೆನಪಾಗ್ಲಿಲ್ಲೇನು?" ಅನ್ನುವುದಷ್ಟೇ ಅವನ ಪ್ರಶ್ನೆ.

ಅಂದರೆ ಭತ್ತದ ಕಣಜ ಅನ್ನಿಸಿಕೊಂಡ ಗಂಗಾವತಿಯಲ್ಲಿ, ಜನವರಿಯಲ್ಲಿ ಹಚ್ಚಗೆ ನಾಟಿ ಆಗಿರಬೇಕಾದ ಗದ್ದೆಗಳು ಬರೀ ಕೂಳೆ ಹೊತ್ತು ಬಿದ್ದಿದ್ದವು. ನಾನು ಏಳು ದಿನ ಅವುಗಳ ನಡುವೆಯೇ ಓಡಾಡಿ, ಆ ಬಂಗಾರದ ಬಣ್ಣ ಚೆನ್ನಾಗಿದೆ ಅಂತ ಫೋಟೋ ಬೇರೆ ಹೊಡೆದಿದ್ದೆ! ಗೆಳೆಯನಿಗೆ ಸ್ವಂತದ್ದು ಮೂರು ಎಕರೆ, ಲಾವಣಿಗೆ ಹಿಡಿದದ್ದು ನಾಲ್ಕು. ಒಂದು ಬೆಳೆಯಲ್ಲಿ ಗೊಬ್ಬರದಂಗಡಿಯ ಸಾಲ ತೀರುತ್ತೆ, ಎರಡನೆಯದು ಮನೆಗೆ. ಈ ಸಲ ಮನೆಗೆ ಬರಬೇಕಾದದ್ದೇ ಇಲ್ಲ.

ಅವನ ಹೆಂಡತಿಯ ತವರು ಕುಷ್ಟಗಿ ತಾಲ್ಲೂಕು. ಚಹಾ ತಂದಿಟ್ಟು ಆಕೆ ಹೇಳಿದ್ದು ಇನ್ನೂ ತಲೆಯಲ್ಲಿದೆ. "ಇವರಿಗೆ ಈ ವರ್ಷ ಒಂದ ಸಲ ಹಿಂಗಾಗೇತಿ ಅಣ್ಣಾರ. ನಮ್ಮ ಕಡೆ ವರ್ಷಾ ಆರ್ ತಿಂಗಳು ಹಿಂಗ. ನಮ್ಮೂರಿನ ಹೆಣ್ಮಕ್ಕಳು ನಾಟಿ ಮಾಡಾಕ ಇಲ್ಲಿಗೇ ಬರ್ತಿದ್ರು. ಈ ಸಲ ಅವರಿಗೂ ಇಲ್ಲ." ಕುಷ್ಟಗಿ, ಯಲಬುರ್ಗಾದವರು ಮಳೆ ನಂಬಿ ಬಿತ್ತುವವರು. ಸುಗ್ಗಿ ಮುಗಿದರೆ ಬೆಂಗಳೂರಿಗೋ ಮಂಗಳೂರಿಗೋ ಗುಳೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಕೊನೆಗೂ ರೈಲು ಬಂದಾಗ ಊರಿಗೆ ಊರೇ ನೋಡಲು ಹೋಗಿತ್ತಂತೆ. "ಹೋಗಾಕ ಸಲೀಸಾತು" ಅಂದರು ಆಕೆ. ಬರೋದಕ್ಕೂ ಸಲೀಸೇ ಅಲ್ಲವೇ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ.

ಅವತ್ತೇ ಮಧ್ಯಾಹ್ನ ಮೆಲ್ಬರ್ನ್‌ನವನ ವಿಡಿಯೋ ಕಾಲ್ ಬಂತು. ನಮ್ಮ ಗಣರಾಜ್ಯೋತ್ಸವದ ದಿನ, ಜನವರಿ 26, ಅವರಿಗೂ ಆಸ್ಟ್ರೇಲಿಯಾ ಡೇ ರಜೆ. ಅದರ ಜೊತೆಗೆ ನಾಲ್ಕಾರು ದಿನ ಸೇರಿಸಿ ಸಮುದ್ರದ ದಡದಲ್ಲಿ ಟೆಂಟ್ ಹಾಕಿಕೊಂಡು ಬಂದಿದ್ದ. ಏನೇನು ನೋಡಿದೆ ಅಂತ ಕೇಳಿದರೆ "ಏನೂ ಇಲ್ಲ, ಸುಮ್ಮನೆ ಬಿದ್ಕೊಂಡಿದ್ದೆ" ಅಂದ. ಅಲ್ಲಿ ಪೂರ್ಣಾವಧಿ ನೌಕರಿಯವರಿಗೆ ವರ್ಷಕ್ಕೆ ನಾಲ್ಕು ವಾರ ಸಂಬಳದ ರಜೆ ಕಾನೂನಿನಲ್ಲೇ ಇದೆ. ಇಬ್ಬರು ಗೆಳೆಯರೂ ಒಂದೇ ವಾರ ಸುಮ್ಮನೆ ಕೂತಿದ್ದರು. ಒಬ್ಬನಿಗೆ ಸಂಬಳ ಬರುತ್ತಿತ್ತು, ಇನ್ನೊಬ್ಬನಿಗೆ ಬಡ್ಡಿ ಬೆಳೆಯುತ್ತಿತ್ತು. ಫೋನಿನಲ್ಲಿ ಮೂವರೂ ಜೋರಾಗಿ ನಕ್ಕೆವು ಅನ್ನುವುದೂ ನಿಜ.

ಸುಮ್ಮನೆ ಕೂರುವುದಕ್ಕೆ ಈ ಭಾಗ ಹೊಸದೇನಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಎದುರು ದಡದಲ್ಲಿ, ಗಂಗಾವತಿ ತಾಲ್ಲೂಕಿಗೆ ಸೇರಿದ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರು ವಾರಗಟ್ಟಲೆ ಗದ್ದೆ ನೋಡುತ್ತಾ ಬಿದ್ದಿರುತ್ತಿದ್ದರು. ಊರವರು ನಗುತ್ತಿದ್ದರು, "ಕೆಲಸಿಲ್ಲದ ಮಂದಿ" ಅಂತ. ಅಲ್ಲಿನ ರೆಸಾರ್ಟುಗಳು ಅಕ್ರಮ ಅಂತ ಸುಪ್ರೀಂ ಕೋರ್ಟೂ ಹೇಳಿ 2020ರ ಮಾರ್ಚಿನಲ್ಲಿ ಕೆಡವಿದರು. ಪಾರಂಪರಿಕ ಜಾಗದಲ್ಲಿ ಹಾಗೆ ಕಟ್ಟಿದ್ದು ತಪ್ಪೇ. ಆದರೆ ಇವತ್ತು ಪ್ರವಾಸೋದ್ಯಮ ಅಂದರೆ ಬೆಟ್ಟಕ್ಕೆ ಬಸ್ಸು, ಹತ್ತು ನಿಮಿಷ ದರ್ಶನ, ಮುಂದಿನ ಜಾಗ. ಒಂದು ಕಡೆ ಕೂತು ಗದ್ದೆ ನೋಡುವವನಿಗೇ ಆ ಗದ್ದೆಯಲ್ಲಿ ನೀರಿದೆಯೋ ಇಲ್ಲವೋ ಕಾಣುವುದು ಅನ್ನುವುದು ನನ್ನ ವಾದ. ಓಡುವವನಿಗೆ ಬಂಗಾರದ ಬಣ್ಣ ಮಾತ್ರ ಕಾಣುತ್ತೆ. ನನ್ನ ಮೊಬೈಲೇ ಸಾಕ್ಷಿ.

ಹಾಗಂತ ಎಲ್ಲರಿಗೂ ಎಲ್ಲಿ ಬೇಕಾದರೂ ಕೂರಲು ಆಗುತ್ತೆ ಅಂತಲ್ಲ. ಒಂಬತ್ತನೇ ದಿನ ಸಂಜೆ ಕಾಲುವೆ ದಡಕ್ಕೆ ಹೋಗಿದ್ದೆವು. ಕತ್ತಲಾಗುತ್ತಿದ್ದಂತೆ ಗೆಳೆಯನ ಹೆಂಡತಿ ಎದ್ದುಬಿಟ್ಟರು. 2025ರ ಮಾರ್ಚಿನಲ್ಲಿ ಸಣಾಪುರದ ಹತ್ತಿರ ಇದೇ ಕಾಲುವೆಯ ದಡದಲ್ಲಿ ರಾತ್ರಿ ನಕ್ಷತ್ರ ನೋಡುತ್ತಾ ಕೂತಿದ್ದ ಹೋಂಸ್ಟೇ ನಡೆಸುವ ಹೆಣ್ಣುಮಗಳ ಮೇಲೆ, ಇಸ್ರೇಲಿನ ಪ್ರವಾಸಿ ಯುವತಿಯ ಮೇಲೆ ಅತ್ಯಾಚಾರ ನಡೆದಿತ್ತು. ಜೊತೆಯಲ್ಲಿದ್ದ ಗಂಡಸರನ್ನು ನೀರಿಗೆ ತಳ್ಳಿ, ಒಡಿಶಾದ ಯುವಕನೊಬ್ಬ ಸತ್ತುಹೋದ. "ನೀವಿಬ್ಬರೂ ಕುಂದರ್ರಿ, ನಾ ಹೊಂಟೆ" ಅಂದರು ಆಕೆ. ನಾವೂ ಎದ್ದೆವು. ದಾರಿಯಲ್ಲಿ ಯಾರೂ ಮಾತಾಡಲಿಲ್ಲ. ಖಾಲಿ ಕೂರಬೇಕು ಅಂತ ಉಪದೇಶ ಮಾಡುವ ನನ್ನಂಥವನಿಗೆ ಇದು ಹೊಳೆದೇ ಇರಲಿಲ್ಲ.

ಹತ್ತನೆಯ ದಿನ ಹೊರಡುವ ತಯಾರಿ. ಚೀಲ ಕಟ್ಟುವುದೊಂದೇ ಕೆಲಸ. ಅವ್ವ ಹದಿನೈದು ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು, ಒಂದು ಡಬ್ಬಿ ಶೇಂಗಾ ಹಿಂಡಿ, ಕಾರ್ತೀಕದಲ್ಲಿ ಕೊಯ್ದ ಭತ್ತದ ಹತ್ತು ಕೆಜಿ ಸೋನಾ ಮಸೂರಿ. ನಾನು ಅಕ್ಕಿ ಬೇಡವೇ ಬೇಡ ಅಂದೆ. ಈ ವರ್ಷ ಇದೊಂದೇ ಬೆಳೆ, ಇದನ್ನೂ ಹೊತ್ತುಕೊಂಡು ಹೋಗಲಾ? ದುಡ್ಡು ಕೊಡಲು ಹೋಗಿ ಇನ್ನೂ ದೊಡ್ಡ ತಪ್ಪು ಮಾಡಿದೆ. ಗೆಳೆಯ ಮಾತು ಬಿಟ್ಟು ಹೊರಗೆ ಹೋಗಿ ನಿಂತ. ಅವ್ವನೇ ಬಂದು ನೋಟನ್ನು ನನ್ನ ಜೇಬಿಗೆ ವಾಪಸ್ ತುರುಕಿ, ಚೀಲದ ಬಾಯಿ ಹೊಲಿದು ನನ್ನ ಕಾಲ ಬಳಿ ಇಟ್ಟರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಬೈಕಿನ ಕೀಲಿ ಮಗನಿಗೆ ಕೊಟ್ಟರು.

ಕೊಪ್ಪಳ ಸ್ಟೇಷನ್ನಿಗೆ ಬರುವಷ್ಟರಲ್ಲಿ ಗೆಳೆಯನ ಸಿಟ್ಟು ಇಳಿದಿತ್ತು. ಗೇಟು ಕೂರಿಸಿ ಮುಂಗಾರಿಗೆ ನೀರು ಬಿಟ್ಟರೆ ನಾಟಿ ಹೊತ್ತಿಗೆ ಬಾ, ಆದರೆ ಆಗ ನಿನ್ನನ್ನು ಮಾತಾಡಿಸಲು ನನಗೆ ಪುರುಸೊತ್ತು ಇರಲ್ಲ ಅಂದ. ರೈಲು ಹೊರಟ ಮೇಲೆ ಅವ್ವನ ಫೋನು. ಹೇಳುವುದು ಮರೆತಿದ್ದರಂತೆ.

"ತಮ್ಮಾ, ಅದು ಹೊಸಾ ಅಕ್ಕಿ ಐತಿ. ಅನ್ನಕ್ಕ ನೀರ ಕಡಿಮಿ ಇಡು ಅಂತ ಮನ್ಯಾಗ ಹೇಳು."